ಹಿಂದಿನ ಕಾಲದ ದೊಡ್ಡ ಟೆಲಿವಿಷನ್ ಪೆಟ್ಟಿಗೆ

ಬಾನುಲಿಯ ಪತ್ರಿಕೆಯಲ್ಲಿ ಟೆಲಿವಿಷನ್ನಿನ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ನಮ್ಮ ದೇಶದಲ್ಲಿ ಇವೆರಡೂ ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಟೆಲಿವಿಷನ್ ಪ್ರಯೋಗಾರ್ಥವಾಗಿ ಆರಂಭವಾದಾಗ ಅದನ್ನು ನಡೆಸಿದ್ದು ಆಕಾಶವಾಣಿಯೇ. 1976ರ ಏಪ್ರಿಲ್ 1ರಂದು ದೂರದರ್ಶನವು ಬೇರೆ ಮನೆ ಹೂಡುವ ತನಕ ತಂಗಿಯು ಅಕ್ಕನ ಆಶ್ರಯದಲ್ಲಿಯೇ ಇದ್ದಳು. ಆದುದರಿಂದ ಅಕ್ಕನ ಮನೆಯ ಜಗಲಿಯಲ್ಲಿ ಕುಳಿತು ತಂಗಿಯ ಸುದ್ದಿಯನ್ನು ನಾಲ್ಕು ಮಾತು ಆಡಿದರೆ ತಪ್ಪಾಗಲಾರದು.

ನಾನು ಹೇಳಹೊರಟಿರುವುದು ಈಗಿನ ಟೆಲಿವಿಷನ್ನಿನ ವಿಚಾರವನ್ನಲ್ಲ. ಈಗಿನದು ಹಿರಿಯರ ಭಾವಚಿತ್ರದಂತೆ ಗೋಡೆಗೆ ತೂಗುಹಾಕುವ ಹಲಗೆ. ನಾನು ಹೇಳುವುದು ಮುಂದೆ ಉಬ್ಬಿದ ಗಾಜಿನ ಮುಖ, ಹಿಂದೆ ಚಾಚಿಕೊಂಡ ಬೆನ್ನು ಉಳ್ಳ, ಕೋಣೆಯ ಒಂದು ಮೂಲೆಯನ್ನೇ ತನ್ನದಾಗಿಸಿಕೊಳ್ಳುತ್ತಿದ್ದ ಹಳೆಯ ಪೆಟ್ಟಿಗೆಯನ್ನು ಕುರಿತು. ನಲವತ್ತು ದಾಟಿದವರೆಲ್ಲರಿಗೂ ಅದರ ನೆನಪುಂಟು. ನೆನೆದು ಹಂಬಲಿಸುವವರೂ ಬಹಳ ಮಂದಿ. ಆ ಹಂಬಲದಲ್ಲಿ ನಿಜವೆಷ್ಟು, ಮರೆವೆಷ್ಟು ಎಂಬುದನ್ನು ನೋಡಬೇಕೆಂದು ನನಗೆ ಅನ್ನಿಸಿದ್ದು ಹೋದ ಬೇಸಗೆಯ ರಜೆಯಲ್ಲಿ. ನಮ್ಮ ಮನೆಯ 29 ಅಂಗುಲದ ಹಳೆಯ ಪೆಟ್ಟಿಗೆಯನ್ನು ಹೊರಕ್ಕೆ ಸಾಗಿಸಬೇಕಾಗಿ ಬಂತು. ನಾನು, ನನ್ನ ಮಗ, ಪಕ್ಕದ ಮನೆಯ ಇಬ್ಬರು ತರುಣರು, ಹೀಗೆ ನಾಲ್ವರು ಕೈಕೊಟ್ಟರೂ ಅದು ಮೊದಲ ಸಲಕ್ಕೆ ಮೇಲೇಳಲಿಲ್ಲ. ಎಂಬತ್ತು ದಾಟಿದ ನನ್ನ ತಾಯಿ ಬಾಗಿಲಲ್ಲಿ ನಿಂತು, “ಜೋಪಾನ ಕಣ್ರೋ, ನಿಮ್ಮಪ್ಪ ತಂದದ್ದು” ಎಂದರು.

ನನ್ನ ತಂದೆ ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಅಂಚೆಕಚೇರಿಯ ಗುಮಾಸ್ತರಾಗಿದ್ದರು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಟೆಲಿವಿಷನ್ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಾಗಿತ್ತು. ವರ್ಷ ವರ್ಷವೂ ಅಂಚೆಕಚೇರಿಯಲ್ಲಿ ಶುಲ್ಕ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಹೋಗಬೇಕು. ಊರಿನ ಅನುಕೂಲಸ್ಥರ ಪುಸ್ತಕಗಳಿಗೆಲ್ಲ ಮುದ್ರೆ ಒತ್ತುತ್ತಿದ್ದವರು ನಮ್ಮ ತಂದೆ. ನಮ್ಮ ಮನೆಯಲ್ಲಿದ್ದದ್ದು ಮಾತ್ರ ಒಂದು ರೇಡಿಯೋ. 1980ರ ದಶಕದ ಮಧ್ಯಭಾಗದಲ್ಲಿ ಸರ್ಕಾರವು ಆ ಲೈಸೆನ್ಸನ್ನು ರದ್ದುಮಾಡಿತು. ಅದಾದ ಮೇಲೆ, 1987ರಲ್ಲಿ, ತಂದೆಯವರು ಭವಿಷ್ಯನಿಧಿಯಿಂದ ಸಾಲ ತೆಗೆದು 20 ಅಂಗುಲದ ಕಪ್ಪುಬಿಳುಪಿನ ಪೆಟ್ಟಿಗೆಯೊಂದನ್ನು ತಂದರು. ಅದಕ್ಕೆ ಮರದ ಕವಚ, ನಾಲ್ಕು ಕಾಲು, ಎಳೆದು ಮುಚ್ಚುವ ಬಾಗಿಲು, ಬೀಗ. ಅದು ಸವೆದ ಮೇಲೆ, ನಿವೃತ್ತಿಯ ಹಣ ಕೈಗೆ ಬಂದ 1999ರಲ್ಲಿ, ವಿಶ್ವಕಪ್ ಕ್ರಿಕೆಟ್ಟಿನ ಹೊತ್ತಿಗೆ ಈ 29 ಅಂಗುಲದ ಬಣ್ಣದ ಪೆಟ್ಟಿಗೆ ಬಂತು. ಆ ಬೀದಿಯಲ್ಲಿ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ.

ಇಷ್ಟು ಭಾರವೇಕೆ? ಕನ್ನಡ ಪಂಡಿತನಾದ ನನಗೆ ಇದರ ಉತ್ತರ ತಿಳಿದಿರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿದೆ. ಅವರು ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ನನ್ನ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ.

ಹಳೆಯ ಟೆಲಿವಿಷನ್ನಿನ ಜೀವವಿರುವುದು ಒಂದು ಗಾಜಿನ ಬುರುಡೆಯಲ್ಲಿ. ಪುಸ್ತಕದಲ್ಲಿ ಇದರ ಹೆಸರು ಕ್ಯಾಥೋಡ್ ಕಿರಣ ನಳಿಕೆ. ರಿಪೇರಿಯವರ ಬಾಯಲ್ಲಿ ಪಿಕ್ಚರ್ ಟ್ಯೂಬ್. 1897ರಲ್ಲಿ ಜರ್ಮನಿಯ ವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನ್ ಎಂಬವನು ವಿದ್ಯುತ್ತಿನ ಏರಿಳಿತವನ್ನು ಕಣ್ಣಿಗೆ ಕಾಣಿಸುವುದಕ್ಕಾಗಿ ಇದರ ಮೂಲರೂಪವನ್ನು ಮಾಡಿದನು. ಎಣ್ಣೆ ಹೊಯ್ಯುವ ಲಾಳಿಕೆಯನ್ನು ಅಡ್ಡ ಮಲಗಿಸಿ ಅದರ ಅಗಲವಾದ ಬಾಯಿಗೆ ಗಾಜಿನ ಮುಚ್ಚಳ ಹಾಕಿದರೆ ಹೇಗಿರುತ್ತದೆಯೋ ಹಾಗೆ ಇದರ ಆಕಾರ. ಲಾಳಿಕೆಯ ಕಿರಿದಾದ ಕತ್ತಿನಲ್ಲಿ ಕಾದ ಲೋಹದ ತುಣುಕೊಂದಿದೆ. ಅಲ್ಲಿಂದ ಎಲೆಕ್ಟ್ರಾನುಗಳು ಹೊಮ್ಮಿ ಸಣ್ಣ ಕಿರಣವಾಗಿ ಮುಂದಕ್ಕೆ ಧಾವಿಸುತ್ತವೆ. ಮುಚ್ಚಳದ ಒಳಮೈಗೆ ಒಂದು ಬಗೆಯ ಪುಡಿಯನ್ನು ಲೇಪಿಸಿರುತ್ತಾರೆ. ಕಿರಣವು ತಾಗಿದ ಕಡೆ ಆ ಪುಡಿಯು ಬೆಳಗುತ್ತದೆ. ಕತ್ತಿನ ಸುತ್ತ ತಾಮ್ರದ ತಂತಿಯ ಸುರುಳಿಗಳಿವೆ. ಅವುಗಳ ಕಾಂತಶಕ್ತಿಯು ಕಿರಣವನ್ನು ಬೇಕಾದತ್ತ ಬಾಗಿಸುತ್ತದೆ.

ಈ ಕಿರಣವು ಚಿತ್ರವನ್ನು ಒಟ್ಟಿಗೆ ಮೂಡಿಸುವುದಿಲ್ಲ. ಸಾಲು ಸಾಲಾಗಿ ಬರೆಯುತ್ತದೆ. ನಮ್ಮ ದೇಶವು ಅನುಸರಿಸಿದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಸಾಲು. ಸೆಕೆಂಡಿಗೆ ಅಂಥ 25 ಚಿತ್ರ. ಅದರಲ್ಲಿಯೂ ಒಂದು ಜಾಣತನವಿದೆ. ಕಾಪಿ ಬರೆಯುವ ಹುಡುಗನು ಮೊದಲು ಸಾಲು ಬಿಟ್ಟು ಸಾಲು ಬರೆದು, ಕೆಳಗೆ ಮುಟ್ಟಿದ ಮೇಲೆ ಮತ್ತೆ ಮೇಲಕ್ಕೆ ಬಂದು ಬಿಟ್ಟ ಸಾಲುಗಳನ್ನು ತುಂಬುವಂತೆ, ಕಿರಣವು ಒಂದು ಚಿತ್ರವನ್ನು ಎರಡು ಸಲಕ್ಕೆ ಮುಗಿಸುತ್ತದೆ. ಹೀಗೆ ಮಾಡುವುದರಿಂದ ಬೆಳಕು ಮಿಣುಕುವುದು ಕಡಿಮೆಯಾಗುತ್ತದೆ. ಆದರೆ ಯಾವುದೊಂದು ಕ್ಷಣದಲ್ಲಿಯೂ ಗಾಜಿನ ಮೇಲೆ ಪೂರ್ತಿ ಚಿತ್ರವಿರುವುದಿಲ್ಲ. ಓಡುತ್ತಿರುವ ಒಂದು ಚುಕ್ಕಿ, ಅದರ ಹಿಂದೆ ಆರುತ್ತಿರುವ ಬೆಳಕು, ಇಷ್ಟೇ. ಉಳಿದುದನ್ನು ಕೂಡಿಸಿಕೊಳ್ಳುವುದು ನಮ್ಮ ಕಣ್ಣು. ಬಣ್ಣದ ಪೆಟ್ಟಿಗೆಯಲ್ಲಿ ಒಂದರ ಬದಲು ಮೂರು ಕಿರಣಗಳು. ಕೆಂಪು, ಹಸಿರು, ನೀಲಿ ಪುಡಿಗಳಿಗೆ ಒಂದೊಂದರಂತೆ ಅವು ಹೋಗಿ ತಾಗುವಂತೆ ನಡುವೆ ತೂತುಗಳುಳ್ಳ ಲೋಹದ ತೆಳು ತೆರೆಯೊಂದಿರುತ್ತದೆ.

ಬೆನ್ನು ಏಕೆ ಅಷ್ಟು ಹಿಂದಕ್ಕೆ ಚಾಚಿತ್ತು ಎಂಬುದಕ್ಕೆ ಈಗ ಉತ್ತರ ಸಿಕ್ಕಿತು. ತೋಟದಲ್ಲಿ ಕೊಳವೆ ಹಿಡಿದು ನೀರು ಹಾಯಿಸುವವನು ಗಿಡದ ಬುಡದಲ್ಲೇ ನಿಂತರೆ ಎರಡು ಪಾತಿಗಳಿಗೆ ಮಾತ್ರ ನೀರು ಮುಟ್ಟಿಸಬಲ್ಲ. ಹಿಂದೆ ಸರಿದು ನಿಂತರೆ ಇಡೀ ಮಡಿಗೆ ಹಾಯಿಸಬಲ್ಲ. ಕಿರಣಕ್ಕೂ ಅಷ್ಟೆ. ಅದು ಬಾಗುವುದಕ್ಕೆ ಒಂದು ಮಿತಿಯುಂಟು. ಎಂಜಿನಿಯರರು ವರ್ಷಗಟ್ಟಲೆ ಶ್ರಮಪಟ್ಟು ಆ ಕೋನವನ್ನು 70 ಡಿಗ್ರಿಯಿಂದ 90ಕ್ಕೂ 110ಕ್ಕೂ ಏರಿಸಿ ಬೆನ್ನನ್ನು ಸ್ವಲ್ಪ ತಗ್ಗಿಸಿದರು. ಆದರೂ ಮುಖ ಅಗಲವಾದಷ್ಟೂ ಬೆನ್ನು ಬೆಳೆಯಲೇಬೇಕು.

ಇನ್ನು ಭಾರ. ಬುರುಡೆಯ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದಿರುತ್ತಾರೆ. ಗಾಳಿಯಿದ್ದರೆ ಎಲೆಕ್ಟ್ರಾನು ದಾರಿಯಲ್ಲೇ ಅದಕ್ಕೆ ಬಡಿದು ಚದರಿಹೋಗುತ್ತದೆ. ಒಳಗೆ ಬರಿದು, ಹೊರಗೆ ನಮ್ಮ ಸುತ್ತಲಿನ ವಾಯುಮಂಡಲ. ವಾಯುಮಂಡಲದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ. ಲೆಕ್ಕ ಹಾಕಿ ನೋಡಿ: 20 ಅಂಗುಲದ ಪರದೆಯ ಮೇಲೆ ಒಂದೂಕಾಲು ಟನ್ನಿನಷ್ಟು ಭಾರ, 29 ಅಂಗುಲದ ಪರದೆಯ ಮೇಲೆ ಎರಡು ಟನ್ನಿಗೂ ಮಿಗಿಲು. ನಮ್ಮ ತಂದೆಯವರು ಸಂಜೆ ಕುರ್ಚಿಗೆ ಒರಗಿ ವಾರ್ತೆ ನೋಡುತ್ತಿದ್ದಾಗ ಎದುರಿಗಿದ್ದ ಗಾಜು ಸದ್ದಿಲ್ಲದೆ ಎರಡು ಟನ್ ಹೊರೆ ಹೊತ್ತು ನಿಂತಿತ್ತು! ಅದನ್ನು ತಾಳುವುದಕ್ಕಾಗಿಯೇ ಆ ಮುಖಕ್ಕೆ ಉಬ್ಬು; ಕಮಾನು ಭಾರ ತಾಳುತ್ತದೆಂಬುದು ಸೇತುವೆಗಳನ್ನು ಕಟ್ಟಿದವರಿಗೆಲ್ಲ ತಿಳಿದ ವಿಷಯ. ಮುಂದೆ ಚಪ್ಪಟೆ ಮುಖ ಬೇಕೆಂಬ ಬಯಕೆ ಹುಟ್ಟಿದಾಗ ಗಾಜನ್ನು ಇನ್ನೂ ದಪ್ಪ ಮಾಡಬೇಕಾಯಿತು. ಬರಿದಾಗಿರುವುದನ್ನು ಕಾಯುವುದಕ್ಕೆ ಅಷ್ಟು ಗಾಜು!

ಬಣ್ಣದ ಪೆಟ್ಟಿಗೆಯಲ್ಲಿ ಕಿರಣವನ್ನು ಸೆಳೆಯಲು 25,000 ವೋಲ್ಟಿನಷ್ಟು ವಿದ್ಯುತ್ತು ಬೇಕು. ಆಗಷ್ಟೇ ಹಾಕಿದ ಪೆಟ್ಟಿಗೆಯ ಗಾಜಿನ ಬಳಿಗೆ ಕೈ ಒಯ್ದರೆ ರೋಮ ನಿಲ್ಲುತ್ತಿದ್ದುದು, ಎಷ್ಟು ಒರಸಿದರೂ ಧೂಳು ಬಂದು ಕೂರುತ್ತಿದ್ದುದು ಇದರಿಂದಲೇ. ಅಷ್ಟು ಪ್ರಬಲವಾದ ವಿದ್ಯುತ್ತಿನಿಂದ ಸ್ವಲ್ಪ ಎಕ್ಸ್-ಕಿರಣವೂ ಹುಟ್ಟುತ್ತದೆ. ಅದು ಹೊರಗೆ ಬಾರದಂತೆ ತಡೆಯಲು ಬುರುಡೆಯ ಹಿಂಭಾಗದ ಗಾಜಿನಲ್ಲಿ ಸೀಸವನ್ನು ಬೆರೆಸುತ್ತಿದ್ದರು. ಈ ಸೀಸದ ಮಾತನ್ನು ನೆನಪಿಡಿ. ಮುಂದೆ ಮತ್ತೆ ಬರುತ್ತದೆ.

ದೊಡ್ಡದರಲ್ಲಿ ದೊಡ್ಡದು ಎಂದರೆ ಜಪಾನಿನ ಸೋನಿ ಕಂಪನಿ 1989ರಲ್ಲಿ ತಂದ 43 ಅಂಗುಲದ ಪೆಟ್ಟಿಗೆ. ಅದರ ತೂಕ ಸುಮಾರು 200 ಕಿಲೋಗ್ರಾಂ, ಎಂದರೆ ಎರಡು ಕ್ವಿಂಟಾಲ್. ಓಸಾಕಾ ನಗರದ ಒಂದು ಹೋಟೆಲಿನಲ್ಲಿ ಉಳಿದುಕೊಂಡಿದ್ದ ಅಂಥದೊಂದನ್ನು ಅಭಿಮಾನಿಯೊಬ್ಬನು ಅಮೆರಿಕಕ್ಕೆ ಸಾಗಿಸಿಕೊಂಡು ಹೋದ ಕಥೆ 2024ರಲ್ಲಿ ಲೋಕಕ್ಕೆ ತಿಳಿಯಿತು. ಬೇಡವೆಂದು ಜನ ಹೊರಗೆಸೆದುದನ್ನು ಇನ್ನೊಬ್ಬನು ಸಮುದ್ರ ದಾಟಿಸುವನೆಂದರೆ ಇದು ಬರಿಯ ಮರುಳಲ್ಲ. ವೇಗದ ಚಲನೆ ಮಸುಕಾಗದಿರುವುದು, ಕಪ್ಪು ನಿಜವಾಗಿ ಕಪ್ಪಾಗಿ ತೋರುವುದು, ಹಳೆಯ ವಿಡಿಯೋ ಆಟಗಳಲ್ಲಿ ಗುಂಡಿ ಒತ್ತಿದೊಡನೆ ತಡವಿಲ್ಲದೆ ಚಿತ್ರ ಬದಲಾಗುವುದು, ಇವು ಆ ನಳಿಕೆಯ ನಿಜವಾದ ಗುಣಗಳು.

ನಮ್ಮ ನಾಡಿಗೂ ಈ ನಳಿಕೆಗೂ ನಂಟುಂಟು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1970ರಲ್ಲಿ ಕಪ್ಪುಬಿಳುಪಿನ ಪಿಕ್ಚರ್ ಟ್ಯೂಬುಗಳನ್ನು ತಯಾರಿಸತೊಡಗಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ತೋರಿಸಿದರು. ಆ ಆರರಲ್ಲಿ ಕರ್ನಾಟಕವೂ ಒಂದು. ಹಳ್ಳಿಗೊಂದೇ ಪೆಟ್ಟಿಗೆ, ಊರೆಲ್ಲ ಅದರ ಮುಂದೆ. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವಾಯಿತು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡೆಗಳ ವರ್ಷ, ಬಣ್ಣ ಬಂತು. 1987ರ ಜನವರಿಯಲ್ಲಿ ರಾಮಾಯಣ ಧಾರಾವಾಹಿ ಆರಂಭವಾಯಿತು. ಅನಂತರದ ಭಾನುವಾರಗಳ ಬೆಳಗ್ಗೆ ಬೀದಿಗಳು ಹೇಗೆ ಬರಿದಾಗುತ್ತಿದ್ದವೆಂಬುದನ್ನು ನಾನು ಹೇಳಬೇಕಾದುದಿಲ್ಲ.

ಆ ಭಾನುವಾರಗಳಲ್ಲಿ ನಮ್ಮ ನಡುಮನೆಯಲ್ಲಿ ಮೂವತ್ತು ಜನ ಸೇರುತ್ತಿದ್ದರು. ತಾಯಿಯವರು ಬೆಳಗ್ಗೆಯೇ ಚಾಪೆ ಹಾಸುವರು. ತಂದೆಯವರು ಬೀಗ ತೆಗೆದು ಬಾಗಿಲು ಸರಿಸುವರು. ನನ್ನದು ಮಾಳಿಗೆಯ ಮೇಲಿನ ಆಂಟೆನಾ ತಿರುಗಿಸುವ ಕೆಲಸ. “ಬಂತೇ?” ಎಂದು ನಾನು ಮೇಲಿಂದ ಕೂಗುವುದು, “ಬಂತು ಬಂತು, ಅಯ್ಯೋ ಹೋಯ್ತು” ಎಂದು ಕೆಳಗಿನಿಂದ ಮೂವತ್ತು ಕಂಠಗಳ ಉತ್ತರ. ತರಂಗ ಸಿಗದಿದ್ದಾಗ ಪರದೆಯ ತುಂಬ ಮಂಜು ಸುರಿದಂತೆ ಚುಕ್ಕಿಗಳು. ಆ ಚುಕ್ಕಿಗಳಲ್ಲಿ ಒಂದು ಸಣ್ಣ ಪಾಲು ವಿಶ್ವದ ಆದಿಕಾಲದಿಂದ ಆಕಾಶದಲ್ಲೆಲ್ಲ ಹರಡಿ ಉಳಿದಿರುವ ಕ್ಷೀಣ ವಿಕಿರಣದ್ದೆಂದು ವಿಜ್ಞಾನದ ಮೇಷ್ಟರು ಹೇಳಿದಾಗ ನಾನು ಬೆರಗಾದೆ. 1965ರಲ್ಲಿ ಪೆಂಜಿಯಸ್ ಮತ್ತು ವಿಲ್ಸನ್ ಎಂಬಿಬ್ಬರು ಪ್ರಕಟಿಸಿ, ಮುಂದೆ 1978ರಲ್ಲಿ ನೊಬೆಲ್ ಬಹುಮಾನ ಪಡೆದದ್ದು ಇದೇ ವಿಕಿರಣದ ಶೋಧಕ್ಕಾಗಿ. ಅದನ್ನು ನಾವು ಆಂಟೆನಾ ತಿರುಗಿಸಿ ಓಡಿಸಲು ನೋಡುತ್ತಿದ್ದೆವು!

ಹಳೆಯ ಪೆಟ್ಟಿಗೆಗಾಗಿ ಹಂಬಲಿಸುವವರು ಬಯಸುವುದು ಬಹುಮಟ್ಟಿಗೆ ಈ ನಡುಮನೆಯನ್ನು. ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಲಾಗುತ್ತಿರಲಿಲ್ಲ. ಆದುದರಿಂದ ಜನರೇ ಅದರ ಬಳಿಗೆ ಬರಬೇಕಾಗಿತ್ತು. ಈಗ ಚಿತ್ರವು ಅಂಗೈಗೆ ಬಂದಿದೆ. ಅವರವರ ಚಿತ್ರ ಅವರವರ ಕೋಣೆಯಲ್ಲಿ. ಇಷ್ಟು ನಿಜ.

ಆದರೆ ನಿಜದ ಇನ್ನೊಂದು ಪಾಲನ್ನೂ ಹೇಳದಿದ್ದರೆ ಮೇಷ್ಟರ ಕೆಲಸ ಪೂರ್ತಿಯಾಗದು. ಊರೆಲ್ಲ ಒಂದಾಗಿ ನೋಡುತ್ತಿದ್ದೆವು ಎಂದು ನಾವು ಹೇಳುತ್ತೇವೆ. ನಮ್ಮ ಮನೆಯ ಕಿಟಕಿಯ ಹೊರಗೆ, ಸರಳು ಹಿಡಿದು, ಒಬ್ಬ ಹುಡುಗ ನಿಂತು ನೋಡುತ್ತಿದ್ದ. ಬೀದಿ ಗುಡಿಸುವಾಕೆಯ ಮಗ. ನಮ್ಮ ಶಾಲೆಯವನೇ, ನನಗಿಂತ ಕೆಳಗಿನ ತರಗತಿಯವನು. ಒಳಗೆ ಬರಬೇಡವೆಂದು ಅವನಿಗೆ ಯಾರೂ ಹೇಳಲಿಲ್ಲ. ಬಾ ಎಂದೂ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮಾಳಿಗೆಯಿಂದ ಇಳಿದು ಬರುವಾಗ ಪ್ರತಿ ಭಾನುವಾರವೂ ಅವನ ಪಕ್ಕದಲ್ಲೇ ಹಾದು ಒಳಗೆ ಹೋಗಿ ಚಾಪೆಯ ಮೇಲೆ ಕೂರುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ವಚನಗಳನ್ನು ಪಾಠ ಹೇಳಿದವನು ನಾನು. ಆ ಕಾಲ ಎಷ್ಟು ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಕಿಟಕಿ ನೆನಪಾಗುತ್ತದೆ.

ಕಾಲ ಸರಿಯಿತು. 2000ದ ದಶಕದ ಕೊನೆಯ ಹೊತ್ತಿಗೆ ಜಗತ್ತಿನಲ್ಲಿ ತೆಳು ಪರದೆಯ ಟೆಲಿವಿಷನ್ನುಗಳ ಮಾರಾಟವು ನಳಿಕೆಯವನ್ನು ಮೀರಿತು. ನಳಿಕೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಆಂಟೆನಾ ಹಿಡಿಯುತ್ತಿದ್ದ ದೂರದರ್ಶನದ ಹಳೆಯ ಬಗೆಯ ಪ್ರೇಷಕಗಳಲ್ಲಿ ಬಹುಪಾಲು 2022ರ ವೇಳೆಗೆ ನಿಂತುಹೋದವು. ಉಳಿದದ್ದು ಮನೆಮನೆಯ ಮೂಲೆಯ ಪೆಟ್ಟಿಗೆ.

ಅದನ್ನೇನು ಮಾಡಬೇಕು? ಇಲ್ಲಿಯೇ ಸೀಸದ ಮಾತು ಬರುವುದು. ದೊಡ್ಡ ನಳಿಕೆಯೊಂದರಲ್ಲಿ ಕಿಲೋಗ್ರಾಂ ಲೆಕ್ಕದಲ್ಲಿ ಸೀಸವಿರುತ್ತದೆ. ಗಾಜು ಇಡಿಯಾಗಿರುವ ತನಕ ಅದರಿಂದ ನಮಗೆ ತೊಂದರೆಯಿಲ್ಲ. ಒಡೆದು ಮಣ್ಣಿಗೆ ಸೇರಿದರೆ ಸೀಸವು ನೀರಿಗಿಳಿಯಬಲ್ಲದು. ಎಳೆಯ ಮಕ್ಕಳ ಮಿದುಳಿಗೆ ಅದು ವಿಷ. ನಮ್ಮ ಬೀದಿಗೆ ಬರುವ ಗುಜರಿಯವನನ್ನು ಕೇಳಿದೆ. “ಇಲ್ಲೇ ಹಿತ್ತಲಲ್ಲಿ ಒಡೆದು ತಾಮ್ರ ತಗೊಂಡು ಹೋಗ್ತೀನಿ ಸ್ವಾಮಿ, ಗಾಜು ನೀವೇ ಎಲ್ಲಾದರೂ ಹಾಕ್ಕೊಳ್ಳಿ” ಎಂದ. ಅವನ ಜೊತೆಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗ, ಕೈಯಲ್ಲಿ ಸುತ್ತಿಗೆ. ಎರಡು ಟನ್ ಭಾರ ಹೊತ್ತ ಗಾಜಿಗೆ ಸುತ್ತಿಗೆಯ ಏಟು ಬಿದ್ದರೆ ಅದು ಒಳಕ್ಕೆ ಕುಸಿದು ಚೂರುಗಳು ನಾಲ್ಕು ಕಡೆಗೂ ಸಿಡಿಯುತ್ತವೆ. ಒಳಗಿನ ಪುಡಿಯು ಉಸಿರಿಗೆ ಸೇರುತ್ತದೆ. ಈ ಸಲ ನಾನು ಸುಮ್ಮನಿರಲಿಲ್ಲ. ಒಡೆಯುವುದು ಬೇಡವೆಂದು ಹೇಳಿ, ಏಕೆಂಬುದನ್ನು ಇಬ್ಬರಿಗೂ ವಿವರಿಸಿ, ಆ ಹುಡುಗನನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟು ಕಳುಹಿಸಿದೆ.

ಇಂಥ ವಸ್ತುಗಳನ್ನು ವಿಲೇವಾರಿ ಮಾಡುವುದಕ್ಕೆ ಕೇಂದ್ರ ಸರ್ಕಾರವು 2011ರಲ್ಲಿಯೇ ಇ-ತ್ಯಾಜ್ಯದ ನಿಯಮಗಳನ್ನು ಪ್ರಕಟಿಸಿತು. 2022ರಲ್ಲಿ ರಚಿತವಾದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಸಂಸ್ಥೆಗಳಿಗೇ ಇವನ್ನು ಒಪ್ಪಿಸಬೇಕು. ವಾಚಕರ ಮನೆಯಲ್ಲಿ ಹಳೆಯ ಪೆಟ್ಟಿಗೆಯಿದ್ದರೆ ಹೀಗೆ ಮಾಡಬಹುದು: ಹಿಂಬದಿಯ ಮುಚ್ಚಳ ತೆಗೆಯಬೇಡಿ, ಏಕೆಂದರೆ ತಂತಿ ಕಿತ್ತ ಮೇಲೂ ಒಳಗೆ ವಿದ್ಯುತ್ತು ಉಳಿದಿರಬಹುದು, ಎತ್ತುವಾಗ ಗಾಜಿನ ಮುಖವನ್ನು ಎದೆಯ ಕಡೆಗೆ ಮಾಡಿಕೊಳ್ಳಿ, ಭಾರವೆಲ್ಲ ಇರುವುದು ಆ ಕಡೆಗೇ, ಒಡೆಯಬೇಡಿ, ಕಸದ ಗುಂಡಿಗೆ ಹಾಕಬೇಡಿ. ಜಿಲ್ಲಾ ಕೇಂದ್ರದಲ್ಲಿ ನೋಂದಾಯಿತ ಸಂಗ್ರಹಕಾರರು ಯಾರೆಂದು ಪುರಸಭೆಯಲ್ಲಾಗಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಾಗಲಿ ವಿಚಾರಿಸಿ.

ಅಂಥವರ ವಾಹನ ಬರುವ ಹಿಂದಿನ ಸಂಜೆ, ಒಮ್ಮೆ ಹಾಕಿ ನೋಡೋಣವೆಂದು ತಾಯಿಯವರು ಹೇಳಿದರು. ತಂತಿ ಸಿಕ್ಕಿಸಿ ಗುಂಡಿ ಒತ್ತಿದೆ. ಝುಮ್ಮೆಂದು ಒಂದು ಸದ್ದು. ಹತ್ತು ಕ್ಷಣ ಕಳೆದು ಪರದೆಯ ತುಂಬ ಮಂಜು. ಆಗ ನನ್ನ ತಂಗಿಯ ಮಗಳು, ಹತ್ತು ವರ್ಷದವಳು, ಎರಡೂ ಕಿವಿ ಮುಚ್ಚಿಕೊಂಡು, “ಮಾವ, ಅದೇನು ಕುಯ್ಯ್ ಅಂತಿದೆ?” ಎಂದಳು.

ನನಗೆ ಏನೂ ಕೇಳಿಸಲಿಲ್ಲ. ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಸಾಲು, ಗುಣಿಸಿದರೆ 15,625. ಕಿರಣವು ಸೆಕೆಂಡಿಗೆ ಅಷ್ಟು ಸಲ ಅತ್ತಿಂದಿತ್ತ ಓಡುವಾಗ ಒಳಗಿನ ಟ್ರಾನ್ಸ್‌ಫಾರ್ಮರ್ ಸೂಕ್ಷ್ಮವಾಗಿ ನಡುಗಿ ಅದೇ ಲೆಕ್ಕದಲ್ಲಿ ಕೀರಲು ಸದ್ದು ಮಾಡುತ್ತದೆ. ಮಕ್ಕಳ ಕಿವಿಗೆ ಅದು ಕೇಳುತ್ತದೆ. ವಯಸ್ಸಾದಂತೆ ಅಷ್ಟು ಎತ್ತರದ ಸದ್ದನ್ನು ಕಿವಿ ಬಿಟ್ಟುಕೊಡುತ್ತದೆ. ಹುಡುಗನಾಗಿದ್ದಾಗ ನಾನು ಬೀದಿಯಲ್ಲಿ ನಿಂತೇ ಯಾರ ಮನೆಯಲ್ಲಿ ಟಿ.ವಿ. ಹಾಕಿದ್ದಾರೆಂದು ಹೇಳುತ್ತಿದ್ದೆ. ಆ ಸದ್ದು ನನ್ನನ್ನು ಯಾವ ವರ್ಷ ಬಿಟ್ಟು ಹೋಯಿತೋ, ಪೆಟ್ಟಿಗೆ ಮನೆಯಲ್ಲಿದ್ದಾಗಲೇ ಹೋಯಿತು. ನಾನು ಗಮನಿಸಲೇ ಇಲ್ಲ.

“ನಿಮ್ಮಪ್ಪನಿಗೂ ಕೇಳುತ್ತಿರಲಿಲ್ಲ” ಎಂದರು ತಾಯಿಯವರು. “ನೀನು ಸದ್ದು ಸದ್ದು ಅಂತಿದ್ದೆ, ಅವರು ಎಲ್ಲಿ ಎಲ್ಲಿ ಅಂತಿದ್ದರು.”

ಮರುದಿನ ಪೆಟ್ಟಿಗೆ ಹೋಯಿತು. ಮೂಲೆಯ ಗೋಡೆಯ ಮೇಲೆ ಅದರ ಬೆನ್ನಿನ ಅಗಲಕ್ಕೆ ಸುಣ್ಣ ಮಾಸದೆ ಉಳಿದಿತ್ತು. ಆ ಜಾಗದಲ್ಲಿ ಏನಿಡೋಣವೆಂದು ತಾಯಿಯವರನ್ನು ಕೇಳಿದೆ.

“ಏನೂ ಬೇಡ. ಒಂದು ಚಾಪೆ ಹಾಸು. ಬಂದವರು ಕೂರಲಿ” ಎಂದರು.